ಮೇ ತಿಂಗಳೊಳಗೆ ಕಣ್ಣು ಸರಿಯಾಗಬೇಕು

ಕುವೊಪಿಯೊ, ಫಿನ್ಲೆಂಡ್
ಜನವರಿ 18

ತೀರ್ಥರೂಪು ಅಪ್ಪನವರಿಗೆ ಮಗಳು ಸುಮಾ ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಅಮ್ಮ, ರಘು, ಜಾನಕತ್ತೆ ಎಲ್ಲರ ಕ್ಷೇಮಕ್ಕೆ ಬರೆಯಿಸುವುದು.

ಅಮ್ಮನ ಪತ್ರ ತಲುಪಿತು. ಕಣ್ಣಿನ ಪೊರೆ ತೆಗೆಸುವುದನ್ನು ನೀವು ದೀಪಾವಳಿಯಿಂದ ಸಂಕ್ರಾಂತಿಗೆ, ಸಂಕ್ರಾಂತಿಯಿಂದ ಅಡಿಕೆ ಕೊಯ್ಲು ಮುಗಿದ ಮೇಲಕ್ಕೆ ಮುಂದೂಡಿದ್ದೀರಿ ಎಂದೂ, ಮೊನ್ನೆ ಸಂಜೆ ಕೊಟ್ಟಿಗೆಯ ಮೆಟ್ಟಿಲು ಕಾಣದೆ ಮುಗ್ಗರಿಸಿದಿರಿ ಎಂದೂ ಬರೆದಿದ್ದಾಳೆ. ಕೊನೆಗೆ, ಕರಡಿಗಳಿರುವ ದೇಶದಲ್ಲಿ ಮಗಳು ಒಬ್ಬಳೇ ಓಡಾಡುತ್ತಾಳೆಂಬ ತನ್ನ ಹಳೆಯ ಚಿಂತೆಯನ್ನೂ ಸೇರಿಸಿದ್ದಾಳೆ. ಅವಳಿಗೆ ಇದನ್ನು ಓದಿ ಹೇಳಿ: ಕಂದು ಕರಡಿ ಇಲ್ಲಿಯ ರಾಷ್ಟ್ರೀಯ ಪ್ರಾಣಿಯೇ ಹೌದು, ಆದರೆ ಈಗ ಇಲ್ಲಿನ ಕರಡಿಗಳು ಹಿಮದಡಿಯ ಗೂಡುಗಳಲ್ಲಿ ನಿದ್ದೆ ಮಾಡುತ್ತಿವೆ, ಏಳುವುದು ಮಾರ್ಚ್-ಏಪ್ರಿಲ್ ಹೊತ್ತಿಗೇ. ಬೇಸಿಗೆಯಲ್ಲಿಯೂ ಮನುಷ್ಯರ ಮಾತು ಕೇಳಿದರೆ ಅವು ತಾವಾಗಿ ದೂರ ಸರಿಯುತ್ತವೆ. 1998ರಲ್ಲಿ ರುವೊಕೊಲಹ್ತಿ ಎಂಬಲ್ಲಿ ಓಡುತ್ತಿದ್ದ ಒಬ್ಬರನ್ನು ಕರಡಿ ಕೊಂದದ್ದುಂಟು, ಅದನ್ನು ಜನ ಇಂದಿಗೂ ಹೇಳುತ್ತಾರೆಂದರೆ ಅಂಥದ್ದು ಎಷ್ಟು ಅಪರೂಪವೆಂದು ಅವಳೇ ಯೋಚಿಸಲಿ. ನಮ್ಮ ಕಡವೆಗಿಂತ ಎಷ್ಟೋ ದೊಡ್ಡದಾದ ಎಲ್ಕ್ ರಸ್ತೆಗೆ ನುಗ್ಗಿ ಕಾರುಗಳಿಗೆ ಅಪಘಾತವಾಗುವುದೂ ನಿಜ, ಆದರೆ ನನ್ನಲ್ಲಿ ಕಾರೇ ಇಲ್ಲ. ನಾನು ಪೂರ್ತಿ ಸುರಕ್ಷಿತಳಾಗಿದ್ದೇನೆ.

ಇನ್ನು ನಿಮ್ಮ ವಿಷಯ. ಮೇ ತಿಂಗಳ ಎರಡನೆಯ ವಾರ ನೀವು ಇಲ್ಲಿಗೆ ಬರಬೇಕೆಂದು ನಾನು ನಿಶ್ಚಯಿಸಿದ್ದೇನೆ. ಕೊಳೆರೋಗಕ್ಕೆ ಮದ್ದು ಹೊಡೆಯುವ ಹೊತ್ತಿಗೆ, ಅಂದರೆ ಜೂನ್ ಮೊದಲ ವಾರದಲ್ಲಿ, ನಿಮ್ಮನ್ನು ತೋಟಕ್ಕೆ ಹಿಂತಿರುಗಿಸುವ ಜವಾಬ್ದಾರಿ ನನ್ನದು. ಆ ತಿಂಗಳನ್ನೇ ಆರಿಸಲು ಕಾರಣ ಸೈಮಾ ಸರೋವರದ ಸೀಲ್. ಹಿಮಯುಗ ಮುಗಿದು ನೆಲ ಮೇಲೆದ್ದಾಗ ಸಮುದ್ರದ ನಂಟು ಕಳೆದುಕೊಂಡು, ಹತ್ತಿರಹತ್ತಿರ ಹತ್ತು ಸಾವಿರ ವರ್ಷಗಳಿಂದ ಸಿಹಿನೀರಿನಲ್ಲಿಯೇ ಉಳಿದುಬಂದಿರುವ ಈ ಪ್ರಾಣಿ ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. 1980ರ ದಶಕದಲ್ಲಿ ಇನ್ನೂರಕ್ಕಿಂತ ಕಡಿಮೆಗೆ ಇಳಿದಿದ್ದ ಇವುಗಳ ಸಂಖ್ಯೆ ಈಗ ನಾನೂರನ್ನು ದಾಟಿದೆ. ಮರಿಗಳು ಬಲೆಗೆ ಸಿಕ್ಕಿ ಸಾಯುತ್ತಿದ್ದುದರಿಂದ, ಅವು ಇರುವ ನೀರಿನಲ್ಲಿ ಏಪ್ರಿಲ್ 15ರಿಂದ ಜೂನ್ ಕೊನೆಯವರೆಗೆ ಬಲೆ ಹಾಕುವಂತಿಲ್ಲ. ತಾಯಿ ಸೀಲ್ ದಡದ ಹಿಮದ ರಾಶಿಯೊಳಗೆ ಗೂಡು ತೋಡಿ ಫೆಬ್ರವರಿಯ ಸುಮಾರಿಗೆ ಮರಿ ಹಾಕುತ್ತದೆ. ಹಿಮ ಸಾಲದ ಚಳಿಗಾಲದಲ್ಲಿ ಊರಿನ ಜನ ಸಲಿಕೆ ಹಿಡಿದು ಹೆಪ್ಪುಗಟ್ಟಿದ ಸರೋವರದ ಮೇಲೆ ಅದಕ್ಕಾಗಿ ಹಿಮ ಗುಡ್ಡೆ ಹಾಕಿಕೊಡುತ್ತಾರೆ. ಈ ದೇಶದವರಿಗೆ ಮಾತು ಕಡಿಮೆ, ಮನಸ್ಸು ತಣ್ಣಗೆ ಎಂದು ಶ್ರೀಧರ ಮಾವ ಹೇಳುವುದುಂಟಲ್ಲ, ಅವರಿಗೆ ಇದನ್ನು ಮರೆಯದೆ ತಿಳಿಸಿ.

ಮೇ ತಿಂಗಳಲ್ಲಿ ಸೀಲ್‌ಗಳು ಹಳೆಯ ಕೂದಲು ಉದುರಿಸಲು ಬಂಡೆಗಳ ಮೇಲೆ ಬಿಸಿಲಿಗೆ ಗಂಟೆಗಟ್ಟಲೆ ಮಲಗುತ್ತವೆ. ಸವೊನ್‌ಲಿನ್ನ ಪಟ್ಟಣದ ಕಡೆಯ ಒರವಿ ಎಂಬ ಹಳ್ಳಿಯಿಂದ ಲಿನ್ನನ್‌ಸಾರಿ ರಾಷ್ಟ್ರೀಯ ಉದ್ಯಾನಕ್ಕೆ ದೋಣಿಯಲ್ಲಿ ಹೋದರೆ, ದೂರದಿಂದ ಸದ್ದಿಲ್ಲದೆ ನೋಡಬಹುದು. ಪಕ್ಕದ ಕೊಲೊವೆಸಿ ಉದ್ಯಾನದಲ್ಲಿ ಮೋಟಾರು ದೋಣಿಗೆ ಅನುಮತಿಯೇ ಇಲ್ಲ, ಹುಟ್ಟು ಹಾಕಿಕೊಂಡೇ ಹೋಗಬೇಕು. ಆದರೆ ಅಪ್ಪ, ಬೂದು ಬಂಡೆಯ ಮೇಲೆ ಬೂದು ಸೀಲ್! ಡಬ್ಲ್ಯುಡಬ್ಲ್ಯುಎಫ್‌ನವರು 2016ರಿಂದ ಮೇ ತಿಂಗಳಲ್ಲಿ ಇಂಥದ್ದೊಂದು ಬಂಡೆಯ ಮುಂದೆ ಕ್ಯಾಮೆರಾ ಇಟ್ಟು ನೇರಪ್ರಸಾರ ಮಾಡುತ್ತ ಬಂದಿದ್ದಾರೆ, ದೇಶವೇ ಕುಳಿತು ನೋಡುತ್ತದೆ. ನಾನು ಅದನ್ನು ರಘುವಿನ ಫೋನಿಗೆ ಕಳುಹಿಸಿದಾಗ ಎಪ್ಪತ್ತೆಂಟು ದಾಟಿದ ಜಾನಕತ್ತೆಗೂ ಸೀಲ್ ಕಂಡಿತು, ನೀವು ಮಾತ್ರ ಬರೀ ಕಲ್ಲು ತೋರಿಸುತ್ತಿದ್ದಾರೆಂದು ಎದ್ದುಹೋದಿರಂತೆ. ಅದರ ಮೈಮೇಲಿನ ಉಂಗುರದ ಗುರುತುಗಳು ಒಂದಕ್ಕಿದ್ದಂತೆ ಇನ್ನೊಂದಕ್ಕಿಲ್ಲದ ಕಾರಣ ಸಂಶೋಧಕರು ಒಂದೊಂದನ್ನೂ ಫೋಟೊದಲ್ಲಿ ಗುರುತಿಸುತ್ತಾರೆ. ನಿಮಗೆ ಇಡೀ ಪ್ರಾಣಿಯೇ ಕಾಣದಿದ್ದರೆ ದೋಣಿಯ ಹಣ ದಂಡ.

ಅಲ್ಲಿಂದ ಕರಡಿ ನೋಡಲು ಕುಹ್ಮೊಗೆ ಕರೆದೊಯ್ಯುತ್ತೇನೆ. ಕಯಾನಿಯವರೆಗೆ ರೈಲು, ಮುಂದೆ ಬಸ್ಸು. ರಷ್ಯದ ಗಡಿಯ ಹತ್ತಿರದ ಆ ಕಾಡಿನಲ್ಲಿ, ಜೌಗಿನ ಅಂಚಿಗೆ ಮರದ ಚಿಕ್ಕ ಗೂಡುಗಳನ್ನು ಕಟ್ಟಿರುತ್ತಾರೆ. ಸಂಜೆ ಒಳಗೆ ಹೋಗಿ ಕುಳಿತರೆ ಬೆಳಗಿನವರೆಗೆ ಹೊರಗೆ ಬರುವಂತಿಲ್ಲ. ಎದುರಿಗೆ ಮಾಂಸ ಇಟ್ಟು ಕರೆಸುತ್ತಾರೆಂಬುದು ನನಗೆ ಅಷ್ಟು ಸೊಗಸೆನಿಸುವುದಿಲ್ಲ, ಆದರೂ ಕರಡಿಯ ಜೊತೆಗೆ ವುಲ್ವರೀನ್‌ನಂಥ ಕಣ್ಣಿಗೆ ಬೀಳದ ಪ್ರಾಣಿಯನ್ನೂ ನೋಡಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲ. ಮೇ ಕೊನೆಗೆ ಅಲ್ಲಿ ರಾತ್ರಿಯೂ ಪೂರ್ತಿ ಕತ್ತಲಾಗುವುದಿಲ್ಲ, ಆ ಮಬ್ಬು ಬೆಳಕಿನಲ್ಲಿಯೇ ನೋಡಬೇಕು. ಪೊರೆ ಬಂದ ಕಣ್ಣಿಗೆ ಸಾಗದ ಬೆಳಕು ಅದು. ಹಿಮಸಾರಂಗ ಈ ಸಲ ಬೇಡ. ಅದರ ಹಿಂಡುಗಳಿಗೆ ಇನ್ನೂ ಉತ್ತರಕ್ಕೆ ಹೋಗಬೇಕು, ಮೇಲಾಗಿ ಅಲ್ಲಿ ಕಾಣುವುದೆಲ್ಲ ಕಿವಿಗೆ ಗುರುತು ಕೊಯ್ದ, ಒಡೆಯರಿರುವ ಪ್ರಾಣಿಗಳೇ.

ಹಕ್ಕಿಗಳಿಗೆ ಕಿವಿ ಸಾಕು ಎಂದು ನೀವು ವಾದ ಹೂಡಬಹುದು. ನಮ್ಮ ಹಿತ್ತಲಿನ ಬೇಲಿಯಲ್ಲಿ ಚಳಿಗಾಲವಿಡೀ ಚಕ್ ಚಕ್ ಎನ್ನುತ್ತ ಮುಖ ತೋರಿಸದ ಬ್ಲೈತ್ಸ್ ರೀಡ್ ವಾರ್ಬ್ಲರ್ ಮೇ ಕೊನೆಗೆ ಮರಿ ಮಾಡಲು ಇಲ್ಲಿಗೂ ಬರುತ್ತದೆ. ಇಲ್ಲಿ ರಾತ್ರಿಯೆಲ್ಲ ಬೇರೆ ಹಕ್ಕಿಗಳ ಸ್ವರಗಳನ್ನು ಕದ್ದು, ಒಂದೊಂದನ್ನೂ ಮತ್ತೆ ಮತ್ತೆ ಹೇಳಿಕೊಂಡು ಹಾಡುತ್ತದೆ. ಊರಿನಲ್ಲಿ ನೀವು ಕೇಳಿರದ ಹಾಡು ಇದು. ಈ ಒಂದಕ್ಕೆ ಕಿವಿ ಸಾಕೆಂದು ಒಪ್ಪುತ್ತೇನೆ. ಆದರೆ 1950ರ ಸುಮಾರಿಗೆ ಹದಿನೈದೇ ಜೋಡಿಗೆ ಇಳಿದು, ಈಗ ಸಾವಿರಗಟ್ಟಲೆ ಆಗಿರುವ ಇಲ್ಲಿನ ರಾಷ್ಟ್ರಪಕ್ಷಿ ಹಂಸವನ್ನು ಕಿವಿಯಿಂದ ನೋಡಲಾದೀತೆ? ಇಲ್ಲಿಯ ಒಂದು ಯೂರೋ ನಾಣ್ಯದ ಮೇಲೆ ಎರಡು ಹಂಸಗಳು ಹಾರುತ್ತಿವೆ. ರಘುವಿನ ಕೈಯಲ್ಲಿ ತರಿಸಿಕೊಂಡ ನಾಣ್ಯ ನಿಮ್ಮ ಮೇಜಿನಲ್ಲಿಯೇ ಇದೆ, ಕನ್ನಡಕವಿಲ್ಲದೆ ನೋಡಿ ಎಣಿಸಿ.

ಪೊರೆ ಹಣ್ಣಾಗಲಿ ಎಂದು ನೀವು ಕಾಯುತ್ತಿರುವಿರಂತೆ. ಅದು ಅಜ್ಜನ ಕಾಲದ ಮಾತು. ಈಗ ಹಣ್ಣಾಗುವವರೆಗೆ ಬಿಟ್ಟರೆ ತೆಗೆಯುವುದೇ ಕಷ್ಟವಾಗುತ್ತದೆ. ಫೆಬ್ರವರಿಯಲ್ಲಿ ಒಂದು ಕಣ್ಣು, ಡಾಕ್ಟರು ಹೇಳಿದಂತೆ ಅಂತರ ಬಿಟ್ಟು ಇನ್ನೊಂದು, ಬಳಿಕ ಕೆಲವು ವಾರ ಔಷಧಿಯ ಹನಿ. ಅವರು ಪ್ರಯಾಣಕ್ಕೆ ಒಪ್ಪಿದ ದಿನವೇ ಟಿಕೆಟ್ ತೆಗೆಯುತ್ತೇನೆ. ಹಣ ರಘುವಿನ ಖಾತೆಗೆ ಹಾಕಿದ್ದೇನೆ, ಅದಕ್ಕಾಗಿ ಅಡಿಕೆಯನ್ನು ಕಡಿಮೆ ದರಕ್ಕೆ ಮಂಡಿಗೆ ಹಾಕಬೇಡಿ. ಭಯಪಡುವಂಥದ್ದು ಏನೂ ಇಲ್ಲ, ಖಂಡಿತ ಏನೂ ಇಲ್ಲ, ಅಂದೇ ಮನೆಗೆ ಕಳುಹಿಸುತ್ತಾರೆ. ಕೊಯ್ಲನ್ನು ರಘು ನೋಡಿಕೊಳ್ಳುತ್ತಾನೆ. ಅವನಿಗೆ ಆಗುವುದಿಲ್ಲವೆಂದು ಬರೆಯಬೇಡಿ.

ಜಾನಕತ್ತೆ ಬರೆಸಿದ್ದ ಗಂಡಿನ ವಿಷಯಕ್ಕೆ ಮುಂದಿನ ಪತ್ರದಲ್ಲಿ ಉತ್ತರಿಸುತ್ತೇನೆ. ಅಂಚೆ ಹೋಗುವ ಹೊತ್ತಾಯಿತು. ಆಸ್ಪತ್ರೆಯ ತಾರೀಕು ಗೊತ್ತಾದ ಕೂಡಲೇ ಫೋನ್ ಮಾಡಿಸಿ.

ಇಂತಿ ನಿಮ್ಮ ಮಗಳು,
ಸುಮಾ