ವಿಷಯ: ಹೊಸ ಅಪ್‌ಡೇಟ್ ಬಂದ್ಮೇಲೆ ಪಜಲ್ ಗೇಮ್ ಹಾಳಾಗಿದೆ, ಹಳೇ ಥರ ಆಡೋಕೆ ಬಿಡಿ

ಕಸ್ಟಮರ್ ಸಪೋರ್ಟ್‌ನವ್ರಿಗೆ,

ನಾನು ಶಿರಸಿ ತಾಲೂಕಿನ ಒಂದು ಹಳ್ಳಿಯಿಂದ ಬರೀತಿದೀನಿ. ನಿಮ್ಮ ಜಿಗ್ಸಾ ಪಜಲ್ ಗೇಮ್‌ನ ಪೂರ್ತಿ ದುಡ್ಡು ಕೊಟ್ಟೇ ತಗೊಂಡಿದ್ದು, ಜಾಹೀರಾತು ನೋಡ್ಕೊಂಡು ಆಡೋ ಫ್ರೀ ವರ್ಶನ್ ಅಲ್ಲ. ನಮ್ದೇ ವಿಡಿಯೋ ಹಾಕಿದ್ರೆ ಅದನ್ನ ತುಂಡು ಮಾಡಿ ಕೊಡ್ತಿತ್ತು, ಪ್ರತಿ ತುಂಡಿನೊಳಗೂ ಅದರ ಪಾಲಿನ ವಿಡಿಯೋ ಓಡ್ತಾನೇ ಇರ್ತಿತ್ತು, ಅದಕ್ಕೇ ತಗೊಂಡಿದ್ದು. ಅಂಚಿನ ತುಂಡಿಗೆ ನೇರ ಗೆರೆ ಕೂಡ ಇಟ್ಟಿರ್ಲಿಲ್ಲ ನೀವು. ಮಾಮೂಲಿ ಪಜಲ್‌ನಲ್ಲಿ 20 ಸಾಲು, ಸಾಲಿಗೆ 25ರಂತೆ 500 ತುಂಡಿದ್ರೆ ಅಂಚಿನವು 86, ಅವನ್ನ ಮೊದ್ಲು ಆರಿಸಿ ಚೌಕಟ್ಟು ಕಟ್ಕೊಂಡ್ರೆ ಅರ್ಧ ಧೈರ್ಯ ಬರತ್ತೆ, ನಿಮ್ಮದ್ರಲ್ಲಿ ಆ ದಾರಿ ಇಲ್ಲ, ಯಾವುದು ಹೆಂಗೆ ಅಲ್ಲಾಡ್ತಿದೆ ಅಂತ ನೋಡೇ ಹುಡುಕ್ಬೇಕು. ಎಂಥಾ ಚೆಂದದ ಯೋಚನೆ ಅದು!

ಉಂಚಳ್ಳಿ ಜಲಪಾತದ ವಿಡಿಯೋ ಹಾಕಿ ನಾನು ಅಮ್ಮ ಇಬ್ರೂ ಕೂತ್ಕೊಂಡು ಜೋಡಿಸ್ತಿದ್ವಿ. ಮಳೆಗಾಲದ್ದು, ಅಘನಾಶಿನಿ ತುಂಬಿ ಬೀಳ್ತಿದ್ದಾಗಿಂದು, ಎಲ್ಲಾ ತುಂಡೂ ಬರೀ ಬಿಳಿ, ಬಣ್ಣ ನೋಡಿ ಏನೂ ಗೊತ್ತಾಗಲ್ಲ. ಅಮ್ಮ ಸುಮಾರು ಹೊತ್ತು ಸುಮ್ನೆ ನೋಡಿ, ಬಿಳಿ ಕೆಳಗಿಳೀತಿರೋದು ಮೇಲಿನ ತುಂಡು, ಹೊಗೆ ಥರ ಮೇಲಕ್ಕೇಳ್ತಿರೋದು ಬುಡದ್ದು ಅಂದ್ಲು. ಅಲ್ಲಿಂದ ಸರಸರ ಕೂಡ್ಕೊಂತು.

ಈಗ ಅಪ್‌ಡೇಟ್ ಆದ್ಮೇಲೆ ತುಂಡು ಮುಟ್ಟಿದ್ರೆ ಸಾಕು, ಅದು ಕೂರ್ಬೇಕಾದ ಜಾಗ ಹಳದಿ ಬೆಳಕಲ್ಲಿ ಮಿನುಗತ್ತೆ, ಹತ್ರ ಒಯ್ದ್ರೆ ತಾನೇ ಹೋಗಿ ಅಂಟ್ಕೊಳ್ಳತ್ತೆ, ಸೆಟ್ಟಿಂಗ್ಸ್ ಎಲ್ಲಾ ಜಾಲಾಡಿದ್ರೂ ಆಫ್ ಮಾಡೋ ಬಟನ್ ಇಲ್ಲ. ಅಮ್ಮ ಟ್ಯಾಬ್ ಪಕ್ಕಕ್ಕಿಟ್ಟು ಎದ್ದು ಹೋದ್ಲು. ಚಾಟ್‌ನಲ್ಲಿ ಕೇಳಿದ್ರೆ ಹೊಸಬರಿಗೆ ಸುಲಭ ಆಗ್ಲಿ ಅಂತ ಮಾಡಿದೀವಿ ಅಂದ್ರು ನಿಮ್ಮವ್ರು. ಹೊಸಬರಿಗೆ ಇರ್ಲಿ, ಬೇಡ ಅನ್ನೋರ ಮೇಲೆ ಯಾಕೆ ಹೇರ್ತೀರಿ? 1760ರ ದಶಕದಲ್ಲಿ, ಈ ಜಿಗ್ಸಾ ಪಜಲ್ ಶುರು ಮಾಡಿದವ್ನು ಅಂತ ಹೆಸರಾದ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಭೂಪಟವನ್ನ ಹಲಗೆಗೆ ಅಂಟಿಸಿ, ದೇಶಗಳ ಗಡಿ ಹಿಡಿದು ಕೊಯ್ದು ಮಾರ್ತಿದ್ದ, ಮಕ್ಕಳು ಭೂಗೋಳ ಕಲೀಲಿ ಅಂತ. ಯಾವ ದೇಶ ಎಲ್ಲಿ ಅಂತ ಮೊದಲೇ ತೋರಿಸ್ಬಿಟ್ರೆ ಮಗು ಕಲಿಯೋದೇನು? ಹುಡುಕೋದೇ ಈ ಆಟ ಕಣ್ರೀ, ಅದನ್ನೇ ನೀವು ತೆಗೆದ್ಬಿಟ್ಟಿದೀರಿ.

ಇನ್ನೊಂದು, ಗೇಮ್ ಓಪನ್ ಮಾಡೋಕೇ ಈಗ ನೆಟ್ ಬೇಕು. ನಮ್ಮಲ್ಲಿ ಆಷಾಢದ ಗಾಳಿಗೆ ಲೈನ್ ಮೇಲೆ ಮರ ಬಿತ್ತು ಅಂದ್ರೆ ಕರೆಂಟ್ ಹೋಯ್ತು, ಸ್ವಲ್ಪ ಹೊತ್ತಿಗೆ ಟವರ್ ಬ್ಯಾಟರಿನೂ ಮುಗೀತು, ಆಮೇಲೆ ಯಾವ ನೆಟ್ಟು? ತೋಟಕ್ಕೂ ಹೋಗೋಕಾಗ್ದೆ ಮನೇಲಿ ಕೂರೋ ಆ ಹೊತ್ತಲ್ಲೇ ನಾವು ಆಡೋದು. ವಿಡಿಯೋ ನಮ್ಮ ಟ್ಯಾಬ್‌ನಲ್ಲೇ ಇದೆ, ದುಡ್ಡೂ ಕೊಟ್ಟಾಗಿದೆ, ಇನ್ನು ನಿಮ್ಮ ಸರ್ವರ್‌ನ ಏನಂತ ಕೇಳ್ಬೇಕು?

ಬೆಳಕು ಬರೋದು, ತಾನೇ ಅಂಟ್ಕೊಳ್ಳೋದು ಎರಡನ್ನೂ ಆಫ್ ಮಾಡೋ ಆಯ್ಕೆ ಕೊಡಿ, ನೆಟ್ ಇಲ್ದೇನೂ ಓಪನ್ ಆಗೋ ಹಂಗೆ ಮಾಡಿ. ಆಗಲ್ಲ ಅಂದ್ರೆ ಪೂರ್ತಿ ದುಡ್ಡು ವಾಪಸ್ ಹಾಕಿ. ಎರಡೂ ಇಲ್ಲ ಅಂದ್ರೆ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡ್ತೀನಿ, 2019ರ ಗ್ರಾಹಕರ ರಕ್ಷಣಾ ಕಾಯ್ದೆ ಪ್ರಕಾರ ಜಿಲ್ಲಾ ಆಯೋಗಕ್ಕೆ ಹೋಗೋಕೂ ರೆಡಿ, ಘಟ್ಟ ಇಳಿದು ಕಾರವಾರಕ್ಕೆ ಹೋಗ್ಬೇಕಾದ್ರೂ ಸರಿ. ಬಿಲ್ಲು, ಸ್ಕ್ರೀನ್‌ಶಾಟ್ ಜೊತೆಗೆ ಹಾಕಿದೀನಿ. ಫೋನ್ ಸಿಗೋದು ಕಷ್ಟ, ಉತ್ತರ ಇಮೇಲ್‌ನಲ್ಲೇ ಕಳ್ಸಿ.

ಇಂತಿ,
ನಿಮ್ಮ ಗೇಮ್ ದುಡ್ಡು ಕೊಟ್ಟು ತಗೊಂಡ ಗ್ರಾಹಕಿ, ಶಿರಸಿ