ಅಗೆದದ್ದು ಮುಚ್ಚಿತು, ಎಲ್ಲರಿಗೂ ಥ್ಯಾಂಕ್ಸ್

ಹೋದ ಸೋಮವಾರ ಬೆಳಿಗ್ಗೆ ಐದೂವರೆಗೆ ನಲ್ಲಿ ತಿರುಗಿಸಿದೆ. ನೀರು ಬಂತು, ವಾಸನೆ ಬರಲಿಲ್ಲ. ನೀರಿನ ಪೈಪು, ಒಳಚರಂಡಿ ಪೈಪು ಬದಲಿಸಲು ಅಗೆದಿದ್ದ ಮಲ್ಲೇಶ್ವರದ ನಮ್ಮ ಕ್ರಾಸಿನಲ್ಲಿ ಹದಿನಾಲ್ಕು ತಿಂಗಳು ಹಲಗೆ ಮೇಲೆ ಸರ್ಕಸ್ ಮಾಡಿ ಮನೆ ಸೇರಿದವರಿಗೆ ಇದು ಹಬ್ಬವೇ, ಅಲ್ವಾ?

ಮೊದಲ ನಮಸ್ಕಾರ ನಮ್ಮ ಬೀದಿಗೆ ನೀರು ಬಿಡುತ್ತಿದ್ದ ಹಳೇ ವಾಲ್ವ್‌ಮನ್‌ಗೆ. "ಹೆಸರು ಹಾಕ್ಬೇಡಿ ಸಾರ್" ಅಂದಿದ್ದಾರೆ, ಹಾಕುವುದಿಲ್ಲ. ಈ ಬಡಾವಣೆ 1898ರ ಪ್ಲೇಗಿನ ಕಾಲದ್ದು. ಮೊದಲು ಹೆಸರಘಟ್ಟ ಕೆರೆಯ ನೀರು, 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದ್ದು, 1974ರಲ್ಲಿ ಕಾವೇರಿಯದು. ಕಾಲಕಾಲಕ್ಕೆ ಪೈಪಿಗೆ ಪೈಪು ಸೇರಿಸುತ್ತಾ ಬಂದಿದ್ದಾರೆ. ಯಾವುದು ಎಲ್ಲಿ ಹೋಗಿದೆ ಅನ್ನುವ ಸರಿಯಾದ ನಕ್ಷೆ ಮಾತ್ರ ಅಗೆಯಲು ಬಂದವರ ಕೈಯಲ್ಲಿ ಇರಲಿಲ್ಲ. ಮೊದಲ ವಾರವೇ ಜೆಸಿಬಿ ಒಂದು ನೀರಿನ ಪೈಪನ್ನೂ ಎರಡು ಕೇಬಲನ್ನೂ ಕಿತ್ತು ಹಾಕಿತು.

ಆಗ ನಮ್ಮ ವಾಲ್ವ್‌ಮನ್ ಕೊಡೆ ಹಿಡಿದು ಬಂದರು. ಅದರ ತುದಿಯಲ್ಲೇ ನೆಲದ ಮೇಲೆ ಗೆರೆ ಎಳೆದರು. "ಇಲ್ಲಿ ನಾಲ್ಕಿಂಚಿನ ಕಬ್ಬಿಣದ ಪೈಪು. ಇಲ್ಲಿ ಬೆಂಡು. ಆ ಹೊಂಗೆ ಮರದ ಬುಡದಲ್ಲಿ ಒಂದು ವಾಲ್ವು." ಅಗೆದರೆ ವಾಲ್ವು ಅಲ್ಲೇ ಇತ್ತು, ಮೂರು ಪದರ ಡಾಂಬರಿನ ಕೆಳಗೆ.

ವಾಸನೆಯ ಗುಟ್ಟು ಬಿಡಿಸಿದ್ದೂ ಅವರೇ. ನಮಗೆ ನೀರು ದಿನ ಬಿಟ್ಟು ದಿನ. ನಿಲ್ಲಿಸಿದಾಗ ಪೈಪು ಖಾಲಿಯಾಗುತ್ತದೆ. ಪಕ್ಕದಲ್ಲೇ ಸುಟ್ಟ ಮಣ್ಣಿನ ಹಳೇ ಸ್ಟೋನ್‌ವೇರ್ ಒಳಚರಂಡಿ ಪೈಪು, ಜಾಯಿಂಟಿನೊಳಗೆ ಮರದ ಬೇರು ಹೊಕ್ಕು ಸೋರುತ್ತಿತ್ತು. ತುಕ್ಕು ಹಿಡಿದ ನೀರಿನ ಪೈಪು ಆ ಕೊಳೆಯನ್ನು ತೂತುಗಳಿಂದ ಒಳಗೆ ಎಳೆದುಕೊಳ್ಳುತ್ತಿತ್ತು. ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪಿನಲ್ಲಿ ಹತ್ತಿ ಬಂದ ಕಾವೇರಿ ನಮ್ಮ ಮನೆ ಬಾಗಿಲಲ್ಲಿ ಕೆಡುತ್ತಿದ್ದಳು! ಈಗ ಎರಡೂ ಪೈಪು ಹೊಸದು, ನಡುವೆ ಅಂತರವೂ ಇದೆ.

ರಾಯಚೂರು ಕಡೆಯಿಂದ ಬಂದ ಕೆಲಸದವರಿಗೆ ಎಷ್ಟು ಹೇಳಿದರೂ ಕಡಿಮೆಯೇ. ಹೊಂಗೆಯ ಹತ್ತಿರ ಜೆಸಿಬಿ ಬೇಡ ಎಂದು ಗುದ್ದಲಿ, ಹಾರೆ ಹಿಡಿದು ನಾಲ್ಕು ದಿನ ಅಗೆದರು. ದಪ್ಪ ಬೇರು ಒಂದನ್ನೂ ಕಡಿಯಲಿಲ್ಲ. ನಾವು ಕಾಫಿ ಕೊಟ್ಟೆವು, ಅವರು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು. ಲಾಭ ನಮಗೇ ಜಾಸ್ತಿ.

ಮೂಲೆ ಮನೆಯವರು ತಮ್ಮ ಬೋರ್‌ವೆಲ್ ನೀರನ್ನು ಲೆಕ್ಕ ಇಡದೆ ಹಂಚಿದರು. ಹೂವಿನ ಅಜ್ಜಿ ಬುಟ್ಟಿ ಎತ್ತಿಕೊಂಡು ಹಿತ್ತಲ ಕನ್ಸರ್ವೆನ್ಸಿ ಗಲ್ಲಿಗೆ ಹೋದರು. ವ್ಯಾಪಾರ ಅರ್ಧಕ್ಕೆ ಇಳಿದರೂ ಮೊಳ ಅಳೆಯುವಾಗ ಕೈ ಬಿಗಿ ಮಾಡಲಿಲ್ಲ. ಹಿಂದೆ ಮಲ ಹೊರುವವರು ಮಾತ್ರ ಓಡಾಡುತ್ತಿದ್ದ ಆ ಗಲ್ಲಿಯೇ ಈ ಸಲ ನಮ್ಮೆಲ್ಲರ ದಾರಿಯಾಯಿತು.

ನಡುವೆ ಮೂರು ತಿಂಗಳು ಕೆಲಸ ನಿಂತಿತ್ತು. ಬಿಲ್ಲು ಪಾಸಾಗಿಲ್ಲ ಅಂತೆ. ಅದಕ್ಕೆ ಕಾರಣರಾದವರಿಗೆ ಇಲ್ಲಿ ಥ್ಯಾಂಕ್ಸ್ ಇಲ್ಲ.

ಕೊನೆಗೆ, ಮೂರನೇ ಮನೆಯ ಇಂಜಿನಿಯರಿಂಗ್ ಓದುವ ಹುಡುಗಿಗೆ. ಗುಂಡಿ ಮುಚ್ಚುವ ಮೊದಲು ಟೇಪು ಹಿಡಿದು, ಕಾಂಪೌಂಡ್ ಗೋಡೆಯಿಂದ ಪ್ರತಿ ಪೈಪಿಗೂ ಎಷ್ಟು ಅಡಿ ಎಂದು ಬರೆದಿಟ್ಟಳು. ಹೇಳಿಕೊಟ್ಟವರು ವಾಲ್ವ್‌ಮನ್ ಯಜಮಾನರು. ಭಾನುವಾರ ಈ ನಕ್ಷೆಯ ಒಂದೊಂದು ಪ್ರತಿ ಎಲ್ಲ ಮನೆಗೂ ಬರುತ್ತದೆ. ಒಂದು ಹಳೇ ವಾಲ್ವು ಇನ್ನೂ ಸಿಕ್ಕಿಲ್ಲ. ನಿಮ್ಮ ಗೇಟಿನ ಮುಂದೆ ಕಬ್ಬಿಣದ ಮುಚ್ಚಳ ಏನಾದರೂ ಕಂಡರೆ ಅವಳಿಗೆ ಹೇಳಿ.