ಪ್ರಥಮ ಪಿಯು ವಿಜ್ಞಾನ ವಿಭಾಗದ ಪೋಷಕರಿಗೆ: ಕಾಂಬಿನೇಷನ್ ಸಲಹಾ ಚೀಟಿಯ ಕುರಿತು

ಮಾನ್ಯ ಪೋಷಕರೇ,

ಕಳೆದ ವಾರ ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ಓದುತ್ತಿರುವ ಕೆಲವು ಮಕ್ಕಳ ಕೈಯಲ್ಲಿ ಕಾಲೇಜಿನಿಂದ ಒಂದು ಚೀಟಿ ಕಳಿಸಿದ್ದೆವು. ಕಾಂಬಿನೇಷನ್ ಬಗ್ಗೆ ಮನೆಯಲ್ಲಿ ಇನ್ನೊಮ್ಮೆ ಕೂತು ಮಾತಾಡಿ ಎಂದು ಅದರಲ್ಲಿತ್ತು. ಅದರಿಂದ ಹಲವರಿಗೆ ನೋವಾಗಿದೆ. ಕೆಲವರು ಫೋನ್ ಮಾಡಿ ಕೇಳಿದಿರಿ, ಕೆಲವರು ಆಡಳಿತ ಮಂಡಳಿಗೆ ಪತ್ರ ಬರೆದಿದ್ದೀರಿ. ರಿಸಲ್ಟ್ ಉಳಿಸಿಕೊಳ್ಳಲು ನಮ್ಮ ಮಕ್ಕಳನ್ನು ಪಕ್ಕಕ್ಕೆ ತಳ್ಳುತ್ತಿದ್ದೀರಿ ಎಂಬ ಮಾತೂ ಆ ಪತ್ರದಲ್ಲಿದೆ.

ಮೊದಲೇ ಹೇಳಿಬಿಡುತ್ತೇನೆ. ಯಾರ ಪಿಸಿಎಂಬಿ ಸೀಟನ್ನೂ ಕಾಲೇಜು ಕಿತ್ತುಕೊಂಡಿಲ್ಲ, ಕಿತ್ತುಕೊಳ್ಳುವುದೂ ಇಲ್ಲ. ಚೀಟಿ ಬಂದ ಮಕ್ಕಳು ಅದೇ ಕಾಂಬಿನೇಷನ್‌ನಲ್ಲಿ ಮುಂದುವರಿಯಬಹುದು. ಚೀಟಿಯನ್ನು ತರಗತಿಯಲ್ಲಿ ಎಲ್ಲರ ಎದುರು ಹಂಚಿದ್ದು ಮಾತ್ರ ನಮ್ಮ ತಪ್ಪು. ಮಕ್ಕಳಿಗೆ ಮುಜುಗರವಾಗಿದೆ, ಅದಕ್ಕೆ ಕ್ಷಮೆ ಕೇಳುತ್ತೇನೆ. ಇನ್ನು ಮುಂದೆ ಮುಚ್ಚಿದ ಲಕೋಟೆಯಲ್ಲಿ ಕೊಡುತ್ತೇವೆ. ಆದರೆ ಕೊಡುವುದನ್ನು ನಿಲ್ಲಿಸುವುದಿಲ್ಲ. ಯಾಕೆಂದು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ದಾಖಲಾತಿಯ ದಿನ ಕೌಂಟರಿನ ಮುಂದೆ ಹೆಚ್ಚಿನವರು ಹೇಳಿದ್ದು ಒಂದೇ ಮಾತು: ‘ಪಿಸಿಎಂಬಿ ಕೊಡಿ ಸರ್, ಡಾಕ್ಟರ್ ಆಗದಿದ್ದರೆ ಎಂಜಿನಿಯರ್ ಆಗಲಿ, ಎರಡೂ ಕಡೆ ದಾರಿ ಇರಲಿ.’ ಹದಿನಾರರ ಮಗುವಿಗೆ ಮುಂದೇನು ಎಂದು ಗೊತ್ತಿರುವುದಿಲ್ಲ, ಒಂದು ದಾರಿ ಮುಚ್ಚಿಹೋದರೆ ಎಂಬ ಭಯ ಯಾವ ತಂದೆತಾಯಿಗೂ ಸಹಜ. ಆ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಆ ಎರಡನೇ ದಾರಿಯ ಬೆಲೆ ಏನೆಂದು ಲೆಕ್ಕ ಹಾಕಿದವರು ಕಡಿಮೆ.

ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕ್ ಬರುವುದು ಹೀಗೆ. ದ್ವಿತೀಯ ಪಿಯುವಿನ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಶೇಕಡಾವಾರು ಅಂಕಕ್ಕೆ ಅರ್ಧ ತೂಕ. ಅದೇ ಮೂರು ವಿಷಯಗಳ ಸಿಇಟಿ ಅಂಕಕ್ಕೆ, ಅಂದರೆ ತಲಾ 60ರಂತೆ 180ಕ್ಕೆ, ಇನ್ನರ್ಧ. ಪಿಯುವಿನಲ್ಲಿ 300ಕ್ಕೆ 285 ತೆಗೆದು ಸಿಇಟಿಯಲ್ಲಿ 81 ತೆಗೆದವರಿಗೂ, ಪಿಯುವಿನಲ್ಲಿ 240, ಸಿಇಟಿಯಲ್ಲಿ 108 ತೆಗೆದವರಿಗೂ ಸರಾಸರಿ ಒಂದೇ, 70. ಈ ಲೆಕ್ಕದಲ್ಲಿ ಜೀವಶಾಸ್ತ್ರಕ್ಕೆ ಜಾಗವೇ ಇಲ್ಲ. ಅದರಲ್ಲಿ ನೂರಕ್ಕೆ ನೂರು ಬಂದರೂ ಎಂಜಿನಿಯರಿಂಗ್ ರ‍್ಯಾಂಕ್ ಒಂದು ಸ್ಥಾನವೂ ಮೇಲೇರುವುದಿಲ್ಲ.

ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್ ಕಡೆ ನೋಡಿ. ಒಟ್ಟು 180 ಪ್ರಶ್ನೆ, 720 ಅಂಕ. ಜೀವಶಾಸ್ತ್ರವೊಂದರಿಂದಲೇ 90 ಪ್ರಶ್ನೆ, 360 ಅಂಕ. ಉಳಿದರ್ಧ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಕ್ಕೆ, ತಲಾ 45 ಪ್ರಶ್ನೆ. ಗಣಿತದ ಪ್ರಶ್ನೆ ಒಂದೂ ಇಲ್ಲ. ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯುತ್ತಾರೆ, ಸಿಇಟಿಯಲ್ಲಿ ಹಾಗೆ ಕಳೆಯುವುದಿಲ್ಲ. ಎರಡೂ ಪರೀಕ್ಷೆಗೆ ತಯಾರಾಗುವುದೆಂದರೆ ಎರಡು ಬೇರೆ ಬೇರೆ ಅಭ್ಯಾಸ. ಎರಡನ್ನೂ ನಿಭಾಯಿಸುವ ಮಕ್ಕಳು ನಮ್ಮಲ್ಲಿ ಇದ್ದಾರೆ, ಅವರಿಗೆ ಚೀಟಿ ಬಂದಿಲ್ಲ.

ಉಳಿದ ಮಕ್ಕಳ ವಿಷಯದಲ್ಲಿ ಆಗುವುದೇನೆಂದರೆ, ಮೊದಲ ವರ್ಷದ ದೀಪಾವಳಿ ಹೊತ್ತಿಗೆ ಯಾವುದೋ ಒಂದು ವಿಷಯವನ್ನು ಸದ್ದಿಲ್ಲದೆ ಕೈಬಿಟ್ಟಿರುತ್ತಾರೆ. ಮನೆಯಲ್ಲಿ ಹೇಳಿರುವುದಿಲ್ಲ. ನೀಟ್‌ಗೆ ಗಣಿತ ಬೇಡವಲ್ಲ ಎಂದು ಗಣಿತದ ಪುಸ್ತಕ ಮುಚ್ಚಿಡುತ್ತಾರೆ. ಆದರೆ ಪಿಯುಸಿ ಪಾಸಾಗಲು ಎರಡು ಭಾಷೆ ಸೇರಿ ಆರೂ ವಿಷಯ ಪಾಸಾಗಬೇಕು. ಗಣಿತ ಹೋದರೆ ಪಿಯುಸಿಯೇ ಹೋಯಿತು, ನೀಟ್‌ನಲ್ಲಿ ಎಷ್ಟೇ ಅಂಕ ಬಂದಿರಲಿ, ಸೀಟು ಸಿಗುವುದಿಲ್ಲ. ಎಂಜಿನಿಯರಿಂಗ್ ಆಸೆ ಇಟ್ಟುಕೊಂಡು ಜೀವಶಾಸ್ತ್ರ ಬಿಟ್ಟವರ ಪಾಡೂ ಇದೇ. ಮತ್ತೊಮ್ಮೆ ಪರೀಕ್ಷೆ ಬರೆದು ಪಾಸಾಗಬಹುದು, ನಿಜ. ಆದರೆ ಎಲ್ಲರೂ ಮುಂದಿನ ಓದಿನ ತಯಾರಿಯಲ್ಲಿರುವ ದಿನಗಳಲ್ಲಿ ಆ ಮಗು ಗಣಿತದ ಪುಸ್ತಕದ ಮುಂದೆ ಕೂತಿರಬೇಕಾಗುತ್ತದೆ.

ಈ ವರ್ಷ ಮೂರು ವಾರ ಪಾಠ ಮಾಡಿ, ಗಣಿತ ಮತ್ತು ಜೀವಶಾಸ್ತ್ರದಲ್ಲಿ ಒಂದೊಂದು ಗಂಟೆಯ ಪರೀಕ್ಷೆ ಕೊಟ್ಟಿದ್ದು ಇದಕ್ಕಾಗಿಯೇ. ಗಣಿತದ ಒಂದು ಪ್ರಶ್ನೆ ಸೈನ್ 75 ಡಿಗ್ರಿಯ ಬೆಲೆ ಕಂಡುಹಿಡಿಯುವುದು. ಹಲವು ಮಕ್ಕಳು ಸೈನ್ 45ಕ್ಕೆ ಸೈನ್ 30 ಕೂಡಿಸಿ 1.207 ಎಂದು ಬರೆದಿದ್ದರು. ಸೂತ್ರ ಮರೆಯುವುದು ದೊಡ್ಡ ವಿಷಯವಲ್ಲ. ಲಂಬಕೋನ ತ್ರಿಭುಜದಲ್ಲಿ ಅಭಿಮುಖ ಬಾಹು ವಿಕರ್ಣಕ್ಕಿಂತ ದೊಡ್ಡದಾಗಲಾರದು, ಹಾಗಾಗಿ ಸೈನ್ ಬೆಲೆ ಒಂದನ್ನು ದಾಟಲಾರದು. ಇದು ಎಸ್ಸೆಸ್ಸೆಲ್ಸಿಯಲ್ಲೇ ಓದಿದ ಪಾಠ. 1.207 ಎಂದು ಬರೆದು ಕೆಳಗೆ ಎರಡು ಗೆರೆ ಎಳೆಯುವಾಗ ಅನುಮಾನ ಬರಲಿಲ್ಲವಲ್ಲ, ನಮ್ಮ ಚಿಂತೆ ಅದು. ಇವರಲ್ಲಿ ಎಸ್ಸೆಸ್ಸೆಲ್ಸಿ ಗಣಿತದಲ್ಲಿ 90 ದಾಟಿದವರೂ ಇದ್ದಾರೆ. ಅಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿ ಬಿಡಿಸಿ ಅಂಕ ಬರುತ್ತದೆ, ಇಲ್ಲಿ ಅಷ್ಟು ಸಾಲದು. ದ್ವಿತೀಯ ಪಿಯು ಗಣಿತದ 13 ಅಧ್ಯಾಯಗಳಲ್ಲಿ ಐದು ಕಲನಶಾಸ್ತ್ರದ್ದೇ (ಕ್ಯಾಲ್ಕುಲಸ್).

ಇದರ ಅರ್ಥ ಆ ಮಕ್ಕಳು ದಡ್ಡರು ಎಂದಲ್ಲ. ದಯವಿಟ್ಟು ಮನೆಯಲ್ಲಿ ಹಾಗೆ ಅನ್ನಬೇಡಿ. ಗಣಿತಕ್ಕೆ ದಿನಾ ಒಂದೂವರೆ ಗಂಟೆ ಬೇರೆಯಾಗಿ ಕೊಡಬೇಕಾಗುತ್ತದೆ, ಅದು ಜೀವಶಾಸ್ತ್ರದ ಸಮಯದಿಂದಲೇ ಹೋಗುತ್ತದೆ, ಅದಕ್ಕೆ ಮಗು ಮನಸಾರೆ ಒಪ್ಪಿದೆಯೇ? ಚೀಟಿಯ ಪ್ರಶ್ನೆ ಇಷ್ಟೇ. ಒಪ್ಪಿದ್ದರೆ ಸಂತೋಷ, ನಾವೂ ಜೊತೆಗಿದ್ದೇವೆ.

ಕಂಪ್ಯೂಟರ್ ಎಂಜಿನಿಯರಿಂಗ್‌ಗೆ ಪಿಸಿಎಂಸಿಯೇ (ಜೀವಶಾಸ್ತ್ರದ ಬದಲು ಕಂಪ್ಯೂಟರ್ ವಿಜ್ಞಾನ) ಬೇಕು ಎಂಬ ನಂಬಿಕೆಯೂ ಗಟ್ಟಿಯಾಗಿದೆ. ಅದು ಸರಿಯಲ್ಲ. ಪಿಸಿಎಂ ಜೊತೆಗಿನ ನಾಲ್ಕನೇ ವಿಷಯ ಯಾವುದಿದ್ದರೂ ಕಂಪ್ಯೂಟರ್ ಸೈನ್ಸ್ ಶಾಖೆಗೆ ಅರ್ಹತೆ ಇದೆ. ಸಿಇಟಿಯಲ್ಲಿ ಕಂಪ್ಯೂಟರ್ ವಿಜ್ಞಾನದ ಪತ್ರಿಕೆಯೂ ಇಲ್ಲ. ಪಿಸಿಎಂಸಿ ಅಥವಾ ಪಿಸಿಎಂಎಸ್ (ಜೀವಶಾಸ್ತ್ರದ ಬದಲು ಸಂಖ್ಯಾಶಾಸ್ತ್ರ) ತೆಗೆದುಕೊಂಡರೆ ಸಿಗುವ ಲಾಭ, ಪಿಸಿಎಂಗೆ ಹೆಚ್ಚು ಹೊತ್ತು ಉಳಿಯುವುದು.

ಪಿಸಿಎಂಬಿ ನಿಜಕ್ಕೂ ಬೇಕಾದ ಮಕ್ಕಳೂ ಇದ್ದಾರೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಕೇಂದ್ರ ಸರ್ಕಾರದ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಾದ ಐಸರ್‌ಗಳ ಪ್ರವೇಶ ಪರೀಕ್ಷೆಯಲ್ಲಿ ನಾಲ್ಕೂ ವಿಷಯಗಳಿಂದ ತಲಾ 15 ಪ್ರಶ್ನೆ ಬರುತ್ತವೆ. ಬಿಎಸ್ಸಿ ಕೃಷಿ ಮತ್ತು ಕೃಷಿ ಎಂಜಿನಿಯರಿಂಗ್ ಎರಡರಲ್ಲೂ ಆಸಕ್ತಿ ಇರುವವರಿಗೂ ಇದು ಸರಿಯಾದ ಆಯ್ಕೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಿಎಸ್ ಕೋರ್ಸಿಗೆ ಹೋಗಬೇಕು ಎನ್ನುವ ಮಗು, ಜೀವಶಾಸ್ತ್ರ ಎಷ್ಟೇ ಇಷ್ಟವಿದ್ದರೂ, ಗಣಿತ ಬಿಡುವಂತಿಲ್ಲ. ಇಂಥ ಗುರಿ ಇದ್ದರೆ ಚೀಟಿಯ ಹಿಂಬದಿಯಲ್ಲಿ ಬರೆದು ಕಳಿಸಿ.

ಗಣಿತ ಬಿಟ್ಟು ಪಿಸಿಬಿ ಜೊತೆ ಗೃಹವಿಜ್ಞಾನ ತೆಗೆದುಕೊಳ್ಳಲು ಹಿಂಜರಿಯುತ್ತಿರುವವರಿಗೆ: ನೀಟ್‌ಗೆ, ಬಿಎಸ್ಸಿ ನರ್ಸಿಂಗ್‌ಗೆ ಗಣಿತ ಬೇಕಿಲ್ಲ. ಬಿಫಾರ್ಮಾಕ್ಕೆ ಗಣಿತ ಅಥವಾ ಜೀವಶಾಸ್ತ್ರ ಯಾವುದಾದರೂ ಒಂದಿದ್ದರೆ ಸಾಕು. ಎಂಜಿನಿಯರಿಂಗ್ ಮತ್ತು ವಾಸ್ತುಶಿಲ್ಪದ ದಾರಿ ಮುಚ್ಚುತ್ತದೆ, ಅದನ್ನು ತಿಳಿದೇ ನಿರ್ಧರಿಸಿ. ಇನ್ನೊಂದು ಮಾತು, ಗಣಿತ ಬಿಟ್ಟ ಮಗುವಿಗೂ ಭೌತಶಾಸ್ತ್ರದಲ್ಲಿ ಸದಿಶ (ವೆಕ್ಟರ್) ಮತ್ತು ಅವಕಲನ (ಡಿಫರೆನ್ಷಿಯೇಷನ್) ಬೇಕಾಗುತ್ತವೆ. ಅದಕ್ಕೆಂದೇ ಈ ಮಕ್ಕಳಿಗೆ ಶನಿವಾರ ಮಧ್ಯಾಹ್ನ ನಮ್ಮ ಗಣಿತ ಉಪನ್ಯಾಸಕರು ಪ್ರತ್ಯೇಕ ತರಗತಿ ತೆಗೆದುಕೊಳ್ಳುತ್ತಾರೆ, ಶುಲ್ಕವಿಲ್ಲ.

ಭಾಷೆಗಳ ಅಂಕ ಸಿಇಟಿಗೆ ಲೆಕ್ಕವಿಲ್ಲ ಎಂದು ಭಾಷಾ ತರಗತಿ ತಪ್ಪಿಸಿ ಕೋಚಿಂಗ್‌ಗೆ ಕಳಿಸುವುದು ಬೇಡ. ಆರು ವಿಷಯಗಳಲ್ಲಿ ಅವೂ ಎರಡು.

ಈಗ ರಿಸಲ್ಟ್ ವಿಷಯ. ಕಾಲೇಜಿಗೆ ಒಳ್ಳೆಯ ಫಲಿತಾಂಶ ಬೇಕು, ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಫಲಿತಾಂಶಕ್ಕಾಗಿ ಮಗುವನ್ನು ಹೊರಗಿಡುವ ಕಾಲೇಜು ಮೊದಲ ವರ್ಷದ ಕೊನೆಗೆ ಫೇಲ್ ಮಾಡಿ ಕಳಿಸುತ್ತದೆ. ನಾವು ನಾಲ್ಕನೇ ವಾರದಲ್ಲೇ ಹೇಳುತ್ತಿದ್ದೇವೆ. ಇಲಾಖೆಗೆ ನೋಂದಣಿ ಕಳಿಸುವ ಮುನ್ನ ಕಾಂಬಿನೇಷನ್ ಬದಲಾವಣೆ ಒಂದು ಅರ್ಜಿಯಲ್ಲಿ ಮುಗಿಯುವ ಕೆಲಸ. ಆಮೇಲೆ ನೀವು ಬಂದು ಎಷ್ಟು ಕೇಳಿಕೊಂಡರೂ ನನ್ನ ಕೈಯಲ್ಲಿ ಏನೂ ಇರುವುದಿಲ್ಲ. ಹಾಗಾಗಿ ಚೀಟಿ ಹಿಂದಿರುಗಿಸುವ ದಿನಾಂಕ ಮುಂದಕ್ಕೆ ಹಾಕುವುದು ಸಾಧ್ಯವಿಲ್ಲ. ಮತ್ತೊಮ್ಮೆ ಹೇಳುತ್ತೇನೆ, ಬದಲಿಸಲೇಬೇಕು ಎಂದು ಯಾರನ್ನೂ ಒತ್ತಾಯಿಸುತ್ತಿಲ್ಲ.

ಚೀಟಿಯ ಕೆಳಗೆ ನಿಮ್ಮ ಸಹಿಯ ಪಕ್ಕದಲ್ಲಿ ಮಗುವೇ ತನ್ನ ಕೈಬರಹದಲ್ಲಿ ತನ್ನ ಆಯ್ಕೆಯನ್ನು ಬರೆದು, ಬರುವ ಶನಿವಾರದೊಳಗೆ ಕಳಿಸಿಕೊಡಿ.

ಮಾತಾಡಬೇಕೆನಿಸಿದರೆ ಈ ವಾರ ಪ್ರತಿದಿನ ಸಂಜೆ 4ರಿಂದ 6ರವರೆಗೆ ಕಚೇರಿಯಲ್ಲಿರುತ್ತೇನೆ. ಗಣಿತ ಮತ್ತು ಜೀವಶಾಸ್ತ್ರದ ಉಪನ್ಯಾಸಕರೂ ಇರುತ್ತಾರೆ, ಮಗುವಿನ ಉತ್ತರಪತ್ರಿಕೆ ತೆಗೆದು ತೋರಿಸುತ್ತಾರೆ. ಬರುವಾಗ ಮಗುವನ್ನೂ ಕರೆದುಕೊಂಡು ಬನ್ನಿ.

ತಮ್ಮ ವಿಶ್ವಾಸಿ,
ಪ್ರಾಂಶುಪಾಲರು